ಟಿಹೊಮಿರನ ಲಿನಕ್ಸ್ ಪ್ರವೇಶ

ಕಂಪ್ಯೂಟರ್ ಕೆಟ್ಟಿರಲಿಲ್ಲ, ಹಳೆಯದಾಗಿತ್ತು, ಅಷ್ಟೆ. ಹಳೆಯದಾಯಿತೆಂದು ಒಂದೊಂದನ್ನೇ ಮನೆಯಿಂದ ಹೊರಗೆ ಹಾಕಲು ಶುರು ಮಾಡಿದರೆ ಮುಂದಿನ ಸರದಿ ತನ್ನದೇ ಎಂದು ನಿವೃತ್ತ ಬಸ್ ಡ್ರೈವರ್ ಟಿಹೊಮಿರನಿಗೆ ಅನ್ನಿಸಿತು. ಆದ್ದರಿಂದಲೇ ಒಂದು ಬೆಳಿಗ್ಗೆ ಬುರೆಕ್ ಎಂಬ ಪದರದ ಕಡುಬು ತಿಂದ ಎಣ್ಣೆಗೈ ಒರೆಸಿಕೊಳ್ಳುತ್ತ ಘೋಷಿಸಿದ: “ಹೊಸದು ಬೇಡ. ಇದರ ಹಳೇ ವ್ಯವಸ್ಥೆ ತೆಗೆದು ಲಿನಕ್ಸ್ ಹಾಕ್ತೀನಿ. ಬಿಟ್ಟಿ ಸಿಗತ್ತೆ, ಕುದುರೆ ಥರ ಓಡತ್ತೆ.”

“ಶನಿವಾರ ನನ್ನ ಪಾಠ ಇದೆ, ಗೊತ್ತು ತಾನೆ?” ಎಂದಳು ಹೆಂಡತಿ ವಿದೊಸಾವ.

ಅವಳು ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಜರ್ಮನಿಗೆ ಹೊರಟ ನರ್ಸ್ ಹುಡುಗಿಯರಿಗೆ ಕಂಪ್ಯೂಟರಿನಲ್ಲೇ ಜರ್ಮನ್ ಕಲಿಸುತ್ತಿದ್ದಳು. ಶನಿವಾರ ಕೊನೆಯ ಪಾಠ, ಸೋಮವಾರ ಪರೀಕ್ಷೆ. ರೋಗಿಯನ್ನು ಜರ್ಮನ್‌ನಲ್ಲಿ ಮಾತಾಡಿಸಲು ಬಂದರೆ ಆಸ್ಪತ್ರೆಯ ಕೆಲಸ. ಬಾರದಿದ್ದರೆ ಇಲ್ಲೇ ನಿಶ್ ಪಟ್ಟಣದ ಬಟ್ಟೆ ಅಂಗಡಿಯೇ ಗತಿ.

“ಶನಿವಾರ ಯಾಕೆ, ನಾಳೆನೇ ರೆಡಿ ಇರತ್ತೆ!”

ಹೊಸ ಪರದೆ ಚೆಂದವಾಗಿಯೇ ಬಂತು. ಏನು ಎಲ್ಲಿದೆ ಎನ್ನುವುದೊಂದು ಮಾತ್ರ ತಿಳಿಯಲಿಲ್ಲ. ಕೆಳಗಿನ ಮೂಲೆಯಲ್ಲಿದ್ದ ಗುಂಡಿ ಮಾಯವಾಗಿತ್ತು. ಮೌಸ್ ಅಪ್ಪಿತಪ್ಪಿ ಮೇಲಿನ ಮೂಲೆಗೆ ತಾಗಿದರೆ ಸಾಕು, ತೆರೆದಿದ್ದ ಕಿಟಕಿಗಳೆಲ್ಲ ಕುಗ್ಗಿ ಚೌಕದ ಪಾರಿವಾಳಗಳಂತೆ ಚೆದುರಿಬಿಡುತ್ತಿದ್ದವು. (ಆ ಮೂಲೆಯ ಹತ್ತಿರ ಟಿಹೊಮಿರ್ ಪಕ್ಕದ ಮನೆಯ ನಾಯಿಯ ಮುಂದೆ ನಡೆಯುವಷ್ಟು ಮೆಲ್ಲಗೆ ಮೌಸ್ ಸರಿಸುತ್ತಿದ್ದ.)

“ನನ್ನ ಪಾಠದ ಫೈಲ್ ಎಲ್ಲಿ?”

“ಇದೆ.”

“ಎಲ್ಲಿದೆ?”

“ಒಳಗಿದೆ.”

“ಒಳಗೆ ಅಂದ್ರೆ?”

“ವಿದಾ, ಅದು ಸ್ವತಂತ್ರ ತಂತ್ರಾಂಶ. ಅದಕ್ಕೂ ಸ್ವಲ್ಪ ಸ್ವಾತಂತ್ರ್ಯ ಕೊಡು.”

ವಿದೊಸಾವ ಕೊಟ್ಟ ನೋಟದಲ್ಲಿ ಸ್ವಾತಂತ್ರ್ಯದ ಸುಳಿವೇ ಇರಲಿಲ್ಲ. ಆದರೂ ಬುಧವಾರದ ಹೊತ್ತಿಗೆ ಫೈಲ್ ಸಿಕ್ಕಿತು, ಜರ್ಮನ್ ಅಕ್ಷರಗಳೂ ಬಂದವು, ಟಿಹೊಮಿರ್ ಮೂಲೆಗಳಿಗೆ ಹೆದರುವುದನ್ನು ಬಿಟ್ಟ. ಗೋಡೆಚಿತ್ರಕ್ಕೆ ತನ್ನ ಹಳೆಯ ಬಸ್ಸಿನ ಫೋಟೊ ಹಾಕಿಕೊಂಡು ಸಾಮ್ರಾಟನ ಗತ್ತಿನಲ್ಲಿ ಕಾಫಿ ಹೀರಿದ.

ಗುರುವಾರ ಸಾಮ್ರಾಜ್ಯ ಪತನವಾಯಿತು. ಕಂಪ್ಯೂಟರ್ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿತು. ಎಬ್ಬಿಸಿದರೆ ಏಳುತ್ತದೆ, ಒಂದು ಕಪ್ ಕಾಫಿ ಮುಗಿಯುವಷ್ಟರಲ್ಲಿ ಮತ್ತೆ ಮಲಗುತ್ತದೆ. ಟಿಹೊಮಿರ್ ಹೊಸ ಪರದೆಯ ಥಳುಕುಬಳುಕನ್ನೆಲ್ಲ ಆರಿಸಿದ. ಬಸ್ಸಿನ ಫೋಟೊ ತೆಗೆದ. (ಇದು ಅವನಿಗೆ ತುಂಬ ನೋವು ಕೊಟ್ಟಿತು.) ಲಿನಕ್ಸನ್ನೇ ಅಳಿಸಿ ಇನ್ನೊಮ್ಮೆ ಹಾಕಿದ. ಕಂಪ್ಯೂಟರ್ ಇನ್ನೊಮ್ಮೆ ಮಲಗಿತು.

“ನಾಡಿದ್ದು ಆ ಹುಡುಗೀರಿಗೆ ಏನು ಹೇಳ್ಲಿ? ನನ್ನ ಗಂಡ ಕಂಪ್ಯೂಟರಿಗೆ ನಿದ್ದೆ ಮಾಡೋದು ಕಲಿಸಿದ್ದಾನೆ ಅನ್ಲಾ?” ಎಂದಳು ವಿದೊಸಾವ. ತಮಾಷೆಯ ಮಾತಾಡುತ್ತಲೇ ಪಾಠದ ಪುಸ್ತಕ ಮುಚ್ಚಿಟ್ಟಳು. ಅದನ್ನು ಕಂಡು ಟಿಹೊಮಿರನಿಗೆ ಹಿಮದಲ್ಲಿ ಬಸ್ ಜಾರಿದಾಗ ಆದಷ್ಟೇ ಭಯವಾಯಿತು.

ಬೇರೆ ದಾರಿ ಕಾಣದೆ ಅವನು ಫೋನ್ ಹಿಡಿದು ಲಿನಕ್ಸ್ ಬಳಸುವವರ ಆನ್‌ಲೈನ್ ವೇದಿಕೆಯಲ್ಲಿ ತನ್ನ ಗೋಳು ತೋಡಿಕೊಂಡ. ಉತ್ತರ ಕೊಟ್ಟಾತ ತನ್ನನ್ನು ‘ಸಿಡುಕು ಮುಳ್ಳುಹಂದಿ’ ಎಂದು ಕರೆದುಕೊಳ್ಳುತ್ತಿದ್ದ. ಸಿಡುಕು ಅವನ ಹತ್ತಿರವೂ ಸುಳಿದಿರಲಿಲ್ಲ. ಊರು ಯಾವುದೋ, ಮುಖ ಹೇಗಿದೆಯೋ. ಆದರೂ ತನ್ನ ಸ್ವಂತ ಮನೆಯೇ ಕುಸಿಯುತ್ತಿದೆ ಎಂಬಂತೆ ಕೂತು ಒಂದೊಂದೇ ಪರೀಕ್ಷೆ ಹೇಳಿಕೊಟ್ಟ. ಟಿಹೊಮಿರ್ ಹತ್ತು ಸಲ ತಪ್ಪಾಗಿ ಟೈಪ್ ಮಾಡಿದರೂ “ಪರವಾಗಿಲ್ಲ ಅಣ್ಣ, ಇನ್ನೊಮ್ಮೆ” ಎಂದ. ನಲವತ್ತು ವರ್ಷ ಪ್ರಯಾಣಿಕರ ಬೈಗುಳ ತಿಂದವನಿಗೆ ಇಂಥ ತಾಳ್ಮೆ ಕಂಡು ಕಣ್ಣು ಒದ್ದೆಯಾಯಿತು.

ಕೊನೆಗೆ ಶಾಖ ಎಷ್ಟಿದೆಯೆಂದು ಅಳೆದರು. ನೀರು ಕುದಿಯುವುದಕ್ಕೆ ಸ್ವಲ್ಪ ಕಡಿಮೆ!

“ಫ್ಯಾನಿನ ಕಡೆ ಏನೋ ತೊಂದರೆ ಇದೆ ಅಣ್ಣ. ಹಿಂಭಾಗದ್ದೊಂದು ಫೋಟೊ ಹಾಕಿ.”

ಟಿಹೊಮಿರ್ ಕುರ್ಚಿಯಿಂದ ಏಳದೆಯೇ ಫೋನನ್ನು ಕಂಪ್ಯೂಟರಿನ ಹಿಂದಕ್ಕೆ ಚಾಚಿ ಕ್ಲಿಕ್ಕಿಸಿ, ನೋಡದೆಯೇ ವೇದಿಕೆಗೆ ಹಾಕಿದ.

ಮುಳ್ಳುಹಂದಿ ಕೇಳಿತು: “ಅಣ್ಣ, ಫ್ಯಾನಿಗೆ ಸುತ್ತಿರೋ ಆ ಕೆಂಪು ಉಣ್ಣೆ ಏನು? ಹೂವಿನ ಕಸೂತಿ ಇರೋದು?”

ಟಿಹೊಮಿರ್ ಎದ್ದು ಬಗ್ಗಿ ನೋಡಿದ. ಕಂಪ್ಯೂಟರಿನ ಹಿಂಬದಿಗೆ ಚಳಿಗೆ ಕಟ್ಟುವ ಉಣ್ಣೆಯ ಸೊಂಟಪಟ್ಟಿಯೊಂದು ಬಿಗಿದು ಕೂತಿತ್ತು.

“ವಿದಾ! ಇದನ್ನ ಇಲ್ಲಿ ಕಟ್ಟಿದ್ಯಾರು?”

“ನಾನೇ. ಮತ್ತಿನ್ಯಾರು? ದಿನವಿಡೀ ಬರೀ ಬನಿಯನ್ನಲ್ಲಿ ಕೂತಿರ್ತೀಯ, ಆ ತೂತಿನಿಂದ ಬರೋ ಗಾಳಿ ಗೋಡೆಗೆ ಬಡಿದು ವಾಪಸ್ ನಿನ್ನ ಸೊಂಟಕ್ಕೇ ಬರ್ತಾ ಇತ್ತು. ಬುಧವಾರ ಕಟ್ಟಿದೆ.”

“ಇದರಿಂದಾನೇ ಅದು ಸಾಯ್ತಾ ಇರೋದು! ನಿನ್ನ ಪಾಠ ಹಾಳಾಗ್ತಿತ್ತು!”

“ಅಯ್ಯೋ, ಪಾಠ ಬೇಕಾದ್ರೆ ನನ್ನಕ್ಕನ ಮನೇಲಿ ಮಾಡ್ತೀನಿ. ಗಾಳಿ ಹೊಡೆದು ನಿನ್ನ ಕಿಡ್ನಿ ಹೋದ್ರೆ ಯಾರ ಮನೆಗೆ ಹೋಗ್ಲಿ?”

ಗಾಳಿ ಬಡಿದರೆ ಕಾಯಿಲೆ ಖಚಿತ ಎಂದು ಆ ಊರಿನವರೆಲ್ಲ ನಂಬಿದ್ದರು. ಎರಡು ಕಿಟಕಿ ಎದುರುಬದುರಾಗಿ ತೆರೆದಿದ್ದರೆ ಟಿಹೊಮಿರನೂ ಕೂಗಾಡುವವನೇ. ಅವನು ನಾಚಿಕೊಂಡೇ ವೇದಿಕೆಯಲ್ಲಿ ನಿಜ ಬರೆದ. ಯಾರೂ ನಗಲಿಲ್ಲ. “ಅತ್ತಿಗೆಗೆ ನಮಸ್ಕಾರ ಹೇಳಿ. ನಮ್ಮಮ್ಮ ಟವೆಲ್ ಕಟ್ಟಿದ್ದರು,” ಎಂದಿತು ಮುಳ್ಳುಹಂದಿ.

ಶನಿವಾರ ಕಂಪ್ಯೂಟರ್ ಬೆನ್ನು ಬರಿದು ಮಾಡಿಕೊಂಡು ತಣ್ಣಗೆ ಓಡಿತು. ಯಂತ್ರಕ್ಕೆ ಮತ್ತೆ ಏನಾದರೂ ಆದೀತೆಂದು ಪಕ್ಕದಲ್ಲೇ ಕಾವಲು ಕುಳಿತ ಟಿಹೊಮಿರನ ಸೊಂಟಕ್ಕೆ, ಜೂನ್ ತಿಂಗಳ ಸೆಕೆಯಲ್ಲಿ, ಕೆಂಪು ಉಣ್ಣೆಯ ಪಟ್ಟಿ ಬಂತು. ಅವನು ಬೆವರುತ್ತಲೇ ಕೂತ.

ಪರದೆಯೊಳಗಿನ ಹುಡುಗಿಯೊಬ್ಬಳು ಅವನನ್ನು ಕಂಡು ಜರ್ಮನ್‌ನಲ್ಲಿ ಏನೋ ಕೇಳಿದಳು. ವಿದೊಸಾವಳ ಮುಖ ಅರಳಿತು.

“ಆ ಯಜಮಾನರಿಗೆ ಎಲ್ಲಿ ನೋವು ಅಂತ ಕೇಳ್ತಿದ್ದಾಳೆ. ಒಂದು ತಪ್ಪೂ ಇಲ್ಲ! ಅಲುಗಾಡಬೇಡ, ನೀನೇ ರೋಗಿ.”

ಎಲ್ಲಿ ನೋವು, ಎಂದಿನಿಂದ, ಹೊಟ್ಟೆ ಸರಿಯಾಗಿ ಹೋಗುತ್ತಿದೆಯೇ ಎಂದು ಒಬ್ಬೊಬ್ಬಳೇ ಕೇಳಿದಳು. ಹೆಂಡತಿ ಅರ್ಥ ಹೇಳಿದಂತೆ ಟಿಹೊಮಿರ್ ಸೊಂಟ ಹಿಡಿದು ನರಳಿದ. ಹುಡುಗಿಯರ ಅಂಜಿಕೆ ಕರಗಿ ಮಾತು ಸರಾಗವಾಯಿತು. ಅವರ ನಗು ಕೇಳಿ ಅವನಿಗೆ ಎದೆ ತುಂಬಿ ಬಂತು. ಮುಳ್ಳುಹಂದಿಗೆ, ಲಿನಕ್ಸಿಗೆ, ಈ ಹೆಂಗಸಿಗೆ, ಯಾರಿಗೆಂದು ಕೃತಜ್ಞನಾಗಬೇಕೋ ತಿಳಿಯದೆ ಪಟ್ಟಿ ಬಿಚ್ಚಲು ಎದ್ದ.

“ಎಲ್ಲಿಗೆ ಹೊರಟೆ? ಕೂತ್ಕೋ,” ಎಂದಳು ವಿದೊಸಾವ. “ಅವರು ನಿನಗಿನ್ನೂ ಎನಿಮಾ ಕೊಟ್ಟಿಲ್ಲ.”