ಕಾಂಪೌಂಡರೂ ಪಿಎ ಮೇಡಮ್ಮೂ

ನಮ್ಮ ಬಸವೇಶ್ವರನಗರದ ಕ್ಲಿನಿಕ್ಕಿಗೆ ರೋಗಿ ಬಾರದ ದಿನ ಇದ್ದೀತು, ನಗು ಬಾರದ ದಿನ ಇಲ್ಲ. ಮೂವತ್ತು ವರ್ಷದಿಂದ ನಾನಿಲ್ಲಿ ಕಾಂಪೌಂಡರ್. ಓದಿದ್ದು ಎಸ್ಸೆಸ್ಸೆಲ್ಸಿ, ಮಿಕ್ಕಿದ್ದನ್ನು ದೊಡ್ಡ ಡಾಕ್ಟರು ಬೈದು ಬೈದು ಕಲಿಸಿದರು. ಈಗ ಅವರ ಮಗ ಕೂರುತ್ತಾರೆ. ಹೋದ ವರ್ಷ ಅವರು ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳನ್ನು ಫಿಸಿಶಿಯನ್ ಅಸಿಸ್ಟೆಂಟ್ ಅಂತ ತಂದರು. ರೋಗಿಯನ್ನು ವಿಚಾರಿಸಿ, ಪರೀಕ್ಷಿಸಿ, ಡಾಕ್ಟರಿಗೆ ಒಪ್ಪಿಸುವ ಕೆಲಸ. ಅದಕ್ಕೆ ನಾಲ್ಕು ವರ್ಷದ ಡಿಗ್ರಿ! ನನಗೆ ಒಳಗೊಳಗೇ ಉರಿ.

ಟೋಕನ್ ಹದಿನೇಳು

ಬಾಗಿಲ ಬೋರ್ಡಿನಲ್ಲಿ ಅವಳ ಹೆಸರಿನ ಮುಂದೆ ‘ಪಿಎ’ ಅಂತ ಬರೆಸಿದರು. ರಿಟೈರಾದ ಗುಮಾಸ್ತರೊಬ್ಬರು ಅದನ್ನು ಓದಿ ಮೆಲ್ಲಗೆ ಹತ್ತಿರ ಬಂದರು.

“ಮೇಡಂ, ಸಾಹೇಬ್ರ ಪಿಎ ನೀವೇನಾ? ಸ್ವಲ್ಪ ಒಳಗಡೆ ಹೇಳಿ.”

“ನಾ ಪೇಷಂಟ್ ನೋಡಾಕ ಬಂದೀನ್ರಿ.”

“ಎಲ್ಲ ಪಿಎಗಳೂ ಮೊದಲು ಹಂಗೇ ಅನ್ನೋದಮ್ಮ. ನಂದು ಟೋಕನ್ ಹದಿನೇಳು.”

ವಂಶದ ಕಾಯಿಲೆ

ನಮ್ಮ ಕಾಲದಲ್ಲಿ “ಜ್ವರನಾ, ಭೇದಿನಾ?” ಇಷ್ಟೇ ಪ್ರಶ್ನೆ. ಇವಳದು ಉದ್ದದ ಪಟ್ಟಿ. ಬಿಪಿ ಏರಿಸಿಕೊಂಡು ಬಂದ ಆಂಟಿಯನ್ನು ಕೇಳಿದಳು, “ಮನ್ಯಾಗ ಯಾರಿಗರ ಬಿಪಿ ಐತೇನ್ರಿ?”

“ನಮ್ಮತ್ತೆಗಿದೆ.”

“ಅತ್ತಿಯಿಂದ ಬರಂಗಿಲ್ರಿ. ರಕ್ತಸಂಬಂಧ ಇರಬೇಕು.”

ಆಂಟಿ ಎದ್ದೇ ನಿಂತರು. “ಯಾಕೆ ಬರಲ್ಲಮ್ಮ? ನನಗೆ ಬಂದಿರೋದೇ ಅವರಿಂದ!”

ಗೌಡರ ಗ್ಯಾಸು

ಹಳೇ ಊರಿನ ಗೌಡರು ಒಂದು ಬೆಳಗ್ಗೆ ಎದೆ ಹಿಡಿದುಕೊಂಡು, ಬೆವರುತ್ತ ಬಂದರು. “ಗ್ಯಾಸು ಕಣಯ್ಯ. ನಿನ್ನ ಕೆಂಪು ನೀರು ಕೊಡು.” ಅವರಿಗೆ ಇಪ್ಪತ್ತು ವರ್ಷದಿಂದ ಅದನ್ನೇ ಕೊಟ್ಟ ಅಭ್ಯಾಸ, ನಾನು ಗ್ಯಾಸಿನ ಮಿಕ್ಸ್ಚರ್ ಬಾಟ್ಲಿ ಎತ್ತಿಯೂ ಬಿಟ್ಟೆ. ಅವಳು ನನ್ನ ಕೈ ಹಿಡಿದಳು. “ತಡೀರಿ ಅಣ್ಣಾರ. ಮೊದಲು ಇಸಿಜಿ.”

“ನಿನ್ನೆ ಬಂದೋಳು ನೀನು!” ಅಂತ ಗೌಡರು ರೇಗಿದರು. ಅವಳು ಬಿಡಲಿಲ್ಲ, ಮಲಗಿಸಿಯೇ ತೆಗೆದಳು. ಡಾಕ್ಟರು ಇಸಿಜಿ ನೋಡಿದವರೇ ಆಂಬುಲೆನ್ಸ್ ಕರೆಸಿದರು. ಹಾರ್ಟ್ ಅಟ್ಯಾಕ್.

ಅವತ್ತು ನನಗೆ ಊಟ ಸೇರಲಿಲ್ಲ. ಅವಳೇ ಕಾಫಿ ತಂದಿಟ್ಟು, “ಓದಿದವರೂ ಗ್ಯಾಸ್ ಅಂತನ ಮೋಸ ಹೋಗ್ತಾರ್ರಿ” ಅಂದಳು. ನನ್ನ ಉರಿ ಅಲ್ಲಿಗೆ ಆರಿತು.

ತಿಂಗಳಾದ ಮೇಲೆ ಗೌಡರು ನಡೆದುಕೊಂಡೇ ಬಂದರು. ಅವಳಿಗೆ ಸೀರೆ, ಹೂವು, ಹಣ್ಣು. “ಜೀವ ಉಳಿಸ್ದೆ ತಾಯಿ” ಅಂತ ಕಣ್ಣೊರೆಸಿಕೊಂಡರು. ನಾನು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಗೌಡರು ಮೆತ್ತಗೆ ನನ್ನ ಪಕ್ಕ ಬಂದು ಕಿವಿಯಲ್ಲಿ ಹೇಳಿದರು:

“ಆ ಹುಡುಗಿಗೆ ಹೇಳ್ಬೇಡ ಕಣಯ್ಯ. ಮೂರು ದಿನದಿಂದ ನಿಜವಾಗ್ಲೂ ಗ್ಯಾಸು. ಕೆಂಪು ನೀರು ಒಂದು ಬಾಟ್ಲಿ ಕೊಡು.”

ಹಿಂದಿನಿಂದ ದನಿ ಬಂತು: “ಕೊಡ್ರಿ ಅಣ್ಣಾರ. ಇಸಿಜಿ ಆದ ಮ್ಯಾಲೆ.”