ಮಾವನವರ ಕಾರಿನ ಬಾಲ

ನಮ್ಮ ಮಾವನವರಂತಹವರು ಇಡೀ ಬಳ್ಳಾರಿಯಲ್ಲಿ ಇನ್ನೊಬ್ಬರಿರಲಿಲ್ಲ. ಇದ್ದಿದ್ದರೆ ಇಬ್ಬರೂ ಸೇರಿ ಕೋಟೆ ಗುಡ್ಡವನ್ನು ಬಿಚ್ಚಿ, ಒರೆಸಿ, ತಿರುಗಿ ಜೋಡಿಸಲು ಹೋಗಿ, ಕೊನೆಗೆ ಒಂದಿಷ್ಟು ಬಂಡೆಗಳನ್ನು ಮಿಗಿಸಿ ಕೂತಿರುತ್ತಿದ್ದರು!

ಕುರುಗೋಡಿನ ದನದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದು ನಿವೃತ್ತರಾಗಿ ಬ್ರೂಸ್‌ಪೇಟೆಯ ಹತ್ತಿರ ಮನೆ ಮಾಡಿದ್ದರು. ದನಕರುಗಳ ವಿಷಯದಲ್ಲಿ ಅವರ ಕೈಗುಣಕ್ಕೆ ಸಾಟಿಯಿರಲಿಲ್ಲ. ಆದರೆ ಬಾಲವಿಲ್ಲದ, ಉಸಿರಾಡದ, ಹುಲ್ಲು ತಿನ್ನದ ವಸ್ತುಗಳನ್ನೂ ತಾವೇ ಗುಣಪಡಿಸಬಲ್ಲೆವೆಂಬ ಭ್ರಮೆ ಅವರಿಗೆ ಯಾವಾಗ ಹತ್ತಿಕೊಂಡಿತೋ! ಮನೆಯಲ್ಲಿ ಕೆಟ್ಟದ್ದು ಮನೆಯಲ್ಲೇ ರಿಪೇರಿಯಾಗಬೇಕು. ಮೆಕ್ಯಾನಿಕ್ಕಿನ ಹೆಸರೆತ್ತಿದರೆ ಮುಖ ಕೆಂಪಾಗುತ್ತಿತ್ತು. ಒಮ್ಮೆ ಸೀಲಿಂಗ್ ಫ್ಯಾನ್ ಬಿಚ್ಚಿ ಜೋಡಿಸಿದರು. ಅದು ಉಲ್ಟಾ ತಿರುಗಿ ಗಾಳಿಯನ್ನೆಲ್ಲ ಮೇಲಕ್ಕೆ ಕಳಿಸತೊಡಗಿತು. ಬಳ್ಳಾರಿಯ ಬೇಸಿಗೆಯಲ್ಲಿ ಕೆಳಗೆ ನಾವೆಲ್ಲ ಬೆವರಿನಲ್ಲಿ ಮೀಯುತ್ತಿದ್ದೆವು.

"ಮೊದ್ಲ ಮಾಳಿಗಿ ತಂಪಾಗ್ಲಿ, ಆಮ್ಯಾಲೆ ತಂಪು ತಾನ ಕೆಳಗ ಇಳೀತೈತಿ. ಸ್ವಲ್ಪ ತಾಳ್ಮಿ ಇರ್ಲಿ ಅಳಿಯಂದ್ರ," ಎಂದರು.

ನಾನು ಈಗಲೂ ತಾಳ್ಮೆಯಿಂದ ಕಾಯುತ್ತಿದ್ದೇನೆ.

ಇಂಥವರು ಎಂಬತ್ತರ ದಶಕದ ನಡುವಿನಲ್ಲಿ ಒಂದು ಫಾರಿನ್ ಕಾರು ಕೊಂಡರೆ ಅಳಿಯನಾದವನ ಗತಿ ಏನಾಗಬೇಕು ಹೇಳಿ! ಸಂಡೂರಿನ ಗಣಿಯ ಕಡೆ ಕೆಲಸಕ್ಕಿದ್ದ ಎಂಜಿನಿಯರೊಬ್ಬರು ಊರು ಬಿಡುವಾಗ ಮಾರಿದ ಹಳೆಯ ಕಾರು. ಅದರ ಡಿಕ್ಕಿಯ ಮುಚ್ಚಳದ ಅಂಚಿಗೆ ಕಪ್ಪನೆಯ ರೆಕ್ಕೆಯಂತಹ ಒಂದು ಪಟ್ಟಿ ಇತ್ತು. ಕಂಪನಿಯವರೇ ಕೂಡಿಸಿ ಕಳಿಸಿದ್ದಂತೆ. ಅದರ ಹೆಸರು ಸ್ಪಾಯ್ಲರ್. ಮಾವನವರ ಬಾಯಲ್ಲಿ 'ಬಾಲ'.

"ಇದು ಕಾರನ್ನ ನೆಲಕ್ಕ ಒತ್ತಿ ಹಿಡೀತೈತಿ. ಇಲ್ಲಂದ್ರ ಗಾಳಿಗೆ ಹಿಂದಿನ ಭಾಗ ಏಳ್ತೈತಿ," ಎಂದು ಬ್ರೂಸ್‌ಪೇಟೆಯ ಗಲ್ಲಿಯಲ್ಲಿ ಕಾರು ನಿಲ್ಲಿಸಿ ಸೇರಿದವರಿಗೆಲ್ಲ ಪಾಠ ಮಾಡುತ್ತಿದ್ದರು.

ಹಿಂದೆ ಸಿಕ್ಕಿಕೊಂಡಿದ್ದ ಉಳ್ಳಾಗಡ್ಡಿ ಗಾಡಿಯವನಿಗೆ ತಡೆಯಲಾಗಲಿಲ್ಲ. "ಡಾಕ್ಟ್ರ, ನಿಮ್ಮ ಕಾರು ಮ್ಯಾಲೆ ಏಳೋದು ಇರ್ಲಿ, ಮೊದ್ಲ ಜರಾ ಮುಂದಕ್ಕ ಹೋಗ್ಲಿ! ನನ್ನ ಗಾಡಿಗೆ ದಾರಿ ಬಿಡ್ರಿ!"

ಆ ಬಾಲ ಮುರಿದದ್ದು ಕುರುಗೋಡಿನಲ್ಲಿ. ಹಳೆಯ ಸ್ನೇಹಿತರನ್ನು ನೋಡಲು ಹೋಗಿದ್ದೆವು. ಮರದ ನೆರಳಲ್ಲಿ ಕಾರು ನಿಲ್ಲಿಸಿ ಒಳಗೆ ಚಹಾ ಕುಡಿದು ಬರುವಷ್ಟರಲ್ಲಿ, ಎಮ್ಮೆಯೊಂದು ಆ ಪಟ್ಟಿಗೆ ಕುತ್ತಿಗೆ ಕೊಟ್ಟು ಹಾಯಾಗಿ ತುರಿಸಿಕೊಳ್ಳುತ್ತಿತ್ತು. ಬಿಸಿಲಿಗೆ ಮೊದಲೇ ಬಿರಿದಿದ್ದ ಬಾಲ ಲಟಕ್ಕೆಂದು ಎರಡಾಯಿತು. ಎಮ್ಮೆಯ ಯಜಮಾನ ಓಡಿಬಂದು ಕೈಮುಗಿದ. ನಮ್ಮ ಮಾವನವರು ಕಾರಿನ ಕಡೆ ನೋಡಲೇ ಇಲ್ಲ. ನೇರವಾಗಿ ಎಮ್ಮೆಯ ಹತ್ತಿರ ಹೋಗಿ, ಕುತ್ತಿಗೆ ಸವರಿ, ಕಿವಿ ಎತ್ತಿ ನೋಡಿ, "ಗಾಬರಿ ಆಗಬ್ಯಾಡಲೇ, ಎಮ್ಮಿಗೆ ಏನೂ ಆಗಿಲ್ಲ. ಉಣ್ಣಿ ಆಗ್ಯಾವ, ಅದಕ್ಕ ತುರಿಸ್ಕೊಂಡೈತಿ," ಎಂದು ಔಷಧ ಹೇಳಿದರು. ಆಮೇಲಷ್ಟೇ ಮುರಿದ ತುಂಡುಗಳನ್ನು ಎತ್ತಿ, ಟವೆಲ್ಲಿನಲ್ಲಿ ಸುತ್ತಿ, ನನ್ನ ತೊಡೆಯ ಮೇಲಿಟ್ಟರು.

ಗ್ಯಾರೇಜಿನವನು ಸರಳ ದಾರಿ ಹೇಳಿದ. ಬಾಲ ಪೂರ್ತಿ ತೆಗೆದುಬಿಡಿ, ತೂತು ಮುಚ್ಚಿ ಬಣ್ಣ ಹೊಡೆಯೋಣ, ಯಾರಿಗೂ ಗೊತ್ತಾಗುವುದಿಲ್ಲ.

"ಕಂಪನಿಯವ್ರು ಇಟ್ಟಿದ್ದನ್ನ ತಗಿಯಾಕ ನೀ ಯಾರಲೇ?" ಎಂದು ಗುಡುಗಿದ ಮಾವನವರು ನನ್ನ ಕಡೆ ತಿರುಗಿ, "ಅಳಿಯಂದ್ರ, ನಾವ ಮಾಡೂಣು," ಎಂದರು.

'ನಾವ' ಎಂಬ ಆ ಒಂದು ಪದಕ್ಕೇ ನನ್ನ ಎದೆಯೊಡೆಯಿತು. ನಾನು ಸಿರುಗುಪ್ಪದಲ್ಲಿ ಹೈಸ್ಕೂಲ್ ಮೇಷ್ಟ್ರು. ಬೇಸಿಗೆ ರಜೆ. ಬಸುರಿ ಹೆಂಡತಿ ತವರಿನಲ್ಲಿದ್ದಳು, ದಿನ ಸಮೀಪಿಸಿತ್ತು. ಮೊದಲ ಬಸಿರು ಉಳಿದಿರಲಿಲ್ಲವಾದ್ದರಿಂದ ಈ ಸಲ ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು. ಅಂಗಳದಲ್ಲಿ ಸುತ್ತಿಗೆ ಹಿಡಿದ ಒಬ್ಬರನ್ನು ಬಿಟ್ಟು!

ಮೊದಲ ಪ್ರಯತ್ನ ಪ್ಲಾಸ್ಟರಿನದು. ಕಾಲು ಮುರಿದ ಕರುವಿಗೆ ಕಟ್ಟುವಂತೆ, ಮುರಿದ ತುಂಡುಗಳನ್ನು ಜೋಡಿಸಿ ಬ್ಯಾಂಡೇಜು ಸುತ್ತಿ ಪ್ಲಾಸ್ಟರ್ ಮೆತ್ತಿದರು. ಬೆಳ್ಳಗೆ ಪಟ್ಟಿ ಸುತ್ತಿಕೊಂಡ ಕಾರು ಓಣಿಯಲ್ಲಿ ಹೊರಟರೆ ನೋಡಿದವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ಎದುರು ಮನೆಯ ತೆಲುಗಿನಜ್ಜಿಯಂತೂ "ಅಯ್ಯೋ, ಏಮಯಿಂದಂಡಿ?" ಎಂದು ನಿಜವಾಗಿಯೂ ಮರುಗಿದಳು. ಕೊಳಗಲ್ಲಿನ ದಾರಿಯ ಮೊದಲ ತಗ್ಗಿಗೇ ಪ್ಲಾಸ್ಟರು ಪುಡಿಪುಡಿಯಾಗಿ ರಸ್ತೆಗೆ ರಂಗೋಲಿ ಹಾಕಿತು.

ಎರಡನೆಯದು ತೇಗದ ಹಲಗೆ. ಅದನ್ನು ಉಜ್ಜಿ ಉಜ್ಜಿ ರೆಕ್ಕೆಯ ಆಕಾರಕ್ಕೆ ತಂದರು. ನಿಜ ಹೇಳಬೇಕೆಂದರೆ ಚೆಂದವಾಗಿಯೇ ಇತ್ತು. ಆದರೆ ಹಳೆಯ ತೂತಿಗೂ ಹೊಸ ಬೋಲ್ಟಿಗೂ ತಾಳೆಯಾಗಲಿಲ್ಲ. ಹೊಸ ತೂತು ಕೊರೆದರು. ಅವೂ ತಾಳೆಯಾಗಲಿಲ್ಲ. ಮತ್ತೂ ಕೊರೆದರು. ಡಿಕ್ಕಿಯ ಮುಚ್ಚಳ ನೋಡನೋಡುತ್ತ ಜರಡಿಯಾಯಿತು.

"ಅಳಿಯಂದ್ರ, ನೀವು ಒಳಗ ಕುಂತು ನಟ್ ಹಿಡೀರಿ. ನಾ ಮ್ಯಾಲಿಂದ ತಿರುವ್ತೀನಿ."

ಹತ್ತಿದೆ. ಮದುವೆಯಲ್ಲಿ ಇದೇ ಮನುಷ್ಯ ನನ್ನ ಕಾಲು ತೊಳೆದಿದ್ದರು ಎಂದು ನೆನೆಯುತ್ತ, ಮೊಣಕಾಲು ಗದ್ದಕ್ಕೆ ಹಚ್ಚಿ ಡಿಕ್ಕಿಯೊಳಗೆ ಮುದುಡಿ ಕೂತೆ. "ಬರಾಬರಿ ಕೂಡ್ತೈತೇನು ನೋಡೂಣು," ಎಂದು ಮುಚ್ಚಳ ಹಾಕಿದರು. ಟಪ್ ಎಂದು ಬೀಗ ಬಿತ್ತು. ಅದೇ ಕ್ಷಣಕ್ಕೆ ಯಾರೋ ಓಡಿಬಂದು, "ಡಾಕ್ಟ್ರ, ಆಕಳು ಈಯಾಕ ಒದ್ದಾಡಾಕ ಹತ್ತೈತಿ, ಜಲ್ದಿ ಬರ್ರಿ!" ಎಂದದ್ದು ಕೇಳಿಸಿತು. ಆಮೇಲೆ ಮಾವನವರ ಚಪ್ಪಲಿ ಸದ್ದು ದೂರವಾದದ್ದೂ ಕೇಳಿಸಿತು.

ಬಳ್ಳಾರಿಯ ಬಿಸಿಲು, ಕಬ್ಬಿಣದ ಡಬ್ಬಿ, ಒಳಗೆ ನಾನು! ಸ್ವಲ್ಪ ಹೊತ್ತಿಗೆ ಅತ್ತೆಯವರು ಬಟ್ಟೆ ಒಣಹಾಕಲು ಅಂಗಳಕ್ಕೆ ಬಂದರು. ನಾನು ಕೂಗಿದೆ.

"ಅಳಿಯಂದ್ರ? ಎಲ್ಲಿ ಅದೀರಿ?"

"ಡಿಕ್ಕಿಯೊಳಗ ಅದೀನ್ರಿ!"

ಮೂವತ್ತು ವರ್ಷ ಆ ಮನುಷ್ಯನ ಜೊತೆ ಸಂಸಾರ ಮಾಡಿದ ಹೆಂಗಸು, ಒಂದಿಷ್ಟೂ ಬೆರಗಾಗಲಿಲ್ಲ. "ಹೌದೇನ್ರಿ? ಊಟ ತಯಾರೈತಿ, ಕೆಲಸ ಮುಗಿಸ್ಕೊಂಡು ಬರ್ರಿ," ಎಂದರು! ಕೊನೆಗೆ ನನ್ನ ಹೆಂಡತಿಯೇ ಕೀಲಿ ಹುಡುಕಿ ತೆಗೆದಳು. ಅಲ್ಲಿಯವರೆಗೆ ನನ್ನ ಜೀವ ಉಳಿಸಿದ್ದು ಮಾವನವರು ತಪ್ಪಾಗಿ ಕೊರೆದ ತೂತುಗಳು. ಸರಿಯಾಗಿ ಕೊರೆದಿದ್ದರೆ ನಾನಿಂದು ಇದನ್ನು ಬರೆಯುತ್ತಿರಲಿಲ್ಲ.

ಅಂದಿನಿಂದ ನಾನು ಆಸೆಯನ್ನೇ ಬಿಟ್ಟೆ. ಹೆಂಡತಿಯ ಹತ್ತಿರ ಗೋಳಾಡಿದರೆ, "ಅಪ್ಪ ಹಿಂಗ್ಯಾಕ ಹಟ ಹಿಡಿದಾನೋ ನನಗೂ ತಿಳೀವಲ್ದು," ಎಂದು ನಿಟ್ಟುಸಿರಿಟ್ಟಳು. ರಾತ್ರಿ ಊಟಕ್ಕೆ ಕೂತರೂ ಮಾವನವರು ರೊಟ್ಟಿಯನ್ನು ಬಾಲದ ಆಕಾರಕ್ಕೆ ಮಡಿಸಿ ದಿಟ್ಟಿಸುತ್ತಿದ್ದರು. ಮುಖ ಬಾಡಿತ್ತು, ಕಣ್ಣು ಗುಳಿ ಬಿದ್ದಿದ್ದವು.

ಕೊನೆಯ ಉಪಾಯ ಅಂಟು. ಎಲ್ಲಿಂದಲೋ ಎರಡು ಡಬ್ಬಿ ತಂದು ಕಲಸಿ, ಹಲಗೆಗೆ ದಪ್ಪಗೆ ಬಳಿದು, ಜರಡಿಯಾದ ಮುಚ್ಚಳದ ಮೇಲಿಟ್ಟು, ಎರಡೂ ಕೈಯಿಂದ ಒತ್ತಿ ಹಿಡಿದು ನಿಂತರು. ಮಧ್ಯಾಹ್ನ ಇಳಿಯುವವರೆಗೆ ಅಲುಗಾಡಿಸಬಾರದಂತೆ. ಆಗಲೇ ಅತ್ತೆಯವರು ಹೊರಗೆ ಓಡಿಬಂದರು.

"ಏನ್ರೀ, ಮಗಳಿಗೆ ಬ್ಯಾನಿ ಸುರು ಆಗ್ಯಾವ! ಕಾರು ತಗೀರಿ!"

ಮಾವನವರು ಕದಲಲಿಲ್ಲ. "ಇನ್ನ ಅಂಟಿಲ್ಲ," ಎಂದರು.

"ಅಂಟೋದು ಹಾಳಾಗ್ಲಿ! ಹೊರಡ್ರಿ!"

"ಸ್ವಲ್ಪ ತಡೀರಿ... ಇನ್ನೊಂದು ಸ್ವಲ್ಪ..."

ಒಳಗಿಂದ ನನ್ನ ಹೆಂಡತಿಯ ನರಳಾಟ ಕೇಳಿಸಿತು. ಅಲ್ಲಿಯವರೆಗೆ ಎಲ್ಲವನ್ನೂ ನುಂಗಿಕೊಂಡಿದ್ದ ನಾನು ಮೊದಲ ಸಲ ಮಾವನವರ ಮೇಲೆ ದನಿಯೆತ್ತಿದೆ. "ಮಾವನವರ, ಆಕಿ ಜೀವಕ್ಕಿಂತ ನಿಮ್ಮ ಬಾಲ ದೊಡ್ಡದೇನ್ರಿ?"

ಅವರು ನನ್ನತ್ತ ತಿರುಗಿದರು. ಎಷ್ಟೋ ಆಕಳುಗಳ ಹೆರಿಗೆ ಮಾಡಿಸಿದ ಕೈಗಳು ಹಲಗೆಯನ್ನು ಇನ್ನೂ ಒತ್ತಿಯೇ ಹಿಡಿದಿದ್ದವು.

"ಆವಾಗ ಸಿರುಗುಪ್ಪದಿಂದ ಬರಬೇಕಾದ್ರ ಬಸ್ಸು ಬಾಳ ಕುಲುಕಿತ್ತು ಅಳಿಯಂದ್ರ," ಎಂದರು. "ಇದು ಇದ್ರ ಕಾರು ಕುಲುಕಂಗಿಲ್ಲ ಅಂತ ಆ ಎಂಜಿನಿಯರ್ ಹೇಳಿದ್ದ. ಅದಕ್ಕ ತಗೊಂಡೆ."

ಬಸ್ಸಿಗೂ ಮೊದಲ ಬಸಿರು ಹೋದದ್ದಕ್ಕೂ ಸಂಬಂಧವಿಲ್ಲವೆಂದು ವೈದ್ಯೆ ಆಗಲೇ ಹೇಳಿದ್ದರು. ಈ ಪಟ್ಟಿಗೂ ಕುಲುಕಾಟಕ್ಕೂ ಸಂಬಂಧವಿಲ್ಲವೆಂದು ಓದಿದ ಮಾವನವರಿಗೆ ತಿಳಿಯದೆಯೂ ಇರಲಿಲ್ಲ. ಮೆಲ್ಲಗೆ ಅವರ ಕೈ ಬಿಡಿಸಿದೆ. ಹಲಗೆ ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ನೋಡಲಿಲ್ಲ. ಬೇರೆ ಯಾರಿಗೂ ಕಾರು ನಡೆಸಗೊಡದವರು ಕೀಲಿಯನ್ನು ಜೇಬಿನಿಂದ ತೆಗೆದು ನನಗೆ ಕೊಟ್ಟರು.

"ನೀವು ನಡಸ್ರಿ. ನಾ ಹಿಂದ ಕುಂದ್ರತೀನಿ. ಭಾರ ಬಿದ್ರ ಹಿಂದ ಏಳಂಗಿಲ್ಲ."

ಒಣಕಡ್ಡಿಯಂತಹ ಆ ದೇಹದ ಭಾರವಾದರೂ ಎಷ್ಟು! ಆಸ್ಪತ್ರೆ ಮುಟ್ಟುವವರೆಗೆ ಸೀಟನ್ನು ಎರಡೂ ಕೈಯಿಂದ ಕೆಳಗೊತ್ತಿ ಹಿಡಿದು, ಉಸಿರು ಬಿಗಿಹಿಡಿದು, ಮಗಳ ಪಕ್ಕ ಕೂತಿದ್ದರು.

ಸಂಜೆಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ಎಲ್ಲರೂ ಒಳಗೆ ಹೋದರು. ಮಾವನವರು ಮಾತ್ರ ಕಾಣಲಿಲ್ಲ. ಹುಡುಕಿದರೆ ವರಾಂಡದ ನಲ್ಲಿಯ ಕೆಳಗೆ ಕೈಯೊಡ್ಡಿ, ಕಲ್ಲಿಗೆ ಅಂಗೈ ಉಜ್ಜುತ್ತಿದ್ದರು. ಅಂಟು ಹೋಗುತ್ತಿರಲಿಲ್ಲ. ಕರೆದುಕೊಂಡು ಬಂದೆ. ಬಾಗಿಲಲ್ಲೇ ನಿಂತು, ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡು, "ನಾ ಇಲ್ಲಿಂದನ ನೋಡ್ತೀನಿ. ಕೈಯಾಗ ಅಂಟೈತಿ," ಎಂದರು.

ನನ್ನ ಹೆಂಡತಿ ಕೂಸನ್ನು ಎತ್ತಿ ಮುಂದೆ ಚಾಚಿದಳು.

"ಅಂಟಿದ್ರ ಅಂಟ್ಲಿ ಬಿಡಪ್ಪಾ. ತಗೋ."