ಮಾವನ ಹಿಕರಿ ಮರದ ಬಿಲ್ಲು

“ಈ ಬೆಟ್ಟಸಾಲಿನಲ್ಲಿ ಹಿಕರಿ ಮರದ ಹದ ಬಲ್ಲವನು ಒಬ್ಬನೇ ಒಬ್ಬ. ಅವನು ನಿನ್ನೆದುರಿಗೆ ನಿಂತಿದ್ದಾನೆ, ನೋಡ್ಕೋ!” ಎಂದು ಡೆಲ್ಮರ್ ಎದೆ ಸೆಟೆಸಿದ.

ಎದುರಿಗಿದ್ದವಳು ಹೆಂಡತಿ ರೀವಾ. ಅಂಗಳದಲ್ಲಿ ಬಿದ್ದಿದ್ದದ್ದು ಅವಳು ಹುಟ್ಟಿದಾಗ ಅವಳಪ್ಪ ನೆಟ್ಟ ಹಿಕರಿ ಮರ, ಬಿಲ್ಲಿಗೆ ಹೆಸರಾದ ಗಟ್ಟಿ ಜಾತಿ. ಅಪ್ಪ ಕಳೆದ ವರ್ಷವೇ ತೀರಿಕೊಂಡ. ಮರ ಈ ವಸಂತದ ಗಾಳಿಗೆ ಉರುಳಿತು. ಗಂಟುಗಂಟಾದ ಆ ಮರಕ್ಕೆ ಬೆಣೆ ಹೊಡೆದು ಸೀಳಿದರೆ, ಬಿಲ್ಲಿಗಾಗುವಂಥ ನೇರವಾದ ಸೀಳು ಸಿಕ್ಕಿದ್ದು ಒಂದೇ. ಮಿಕ್ಕಿದ್ದೆಲ್ಲ ಹಂದಿತೊಡೆಯ ಮಾಂಸಕ್ಕೆ ಹೊಗೆ ಹಿಡಿಸುವ ಸೌದೆ!

“ಅದೊಂದಾದ್ರೂ ನೆಟ್ಟಗೆ ಉಳೀಲಿ ಕಣೋ. ಅಪ್ಪಂದು ಅಂತ ಹಿಡ್ಕೊಳ್ಳೋಕೆ ನಂಗೆ ಬೇರೇನಿದೆ? ಒಂದು ವರ್ಷ ಸುಮ್ನೆ ಒಣಗೋಕೆ ಬಿಡು.”

“ವರ್ಷವಾ! ಸುಗ್ಗಿ ಮುಗಿಯೋ ಹೊತ್ತಿಗೆ ಬಿಲ್ಲುಪಂದ್ಯ. ಅಷ್ಟರೊಳಗೆ ಬಿಲ್ಲು ನಿನ್ನ ಕೈಲಿರತ್ತೆ!”

ಡೆಲ್ಮರ್ ತೊಗಟೆ ಸುಲಿದ, ತುದಿಗಳಿಗೆ ಮೇಣ ಬಳಿದ. ಅಲ್ಲಿಯವರೆಗೆ ಬ್ರಹ್ಮನೂ ತಪ್ಪು ಹುಡುಕಲಾರ. ಆಮೇಲೆ ಮಹಾನುಭಾವ ಸೀಳನ್ನು ಅಡುಗೆಮನೆಯ ಒಲೆಯ ನೆತ್ತಿಗೆ ತೂಗುಹಾಕಿದ. ಬೆಚ್ಚಗಿದ್ದಲ್ಲಿ ಬೇಗ ಒಣಗುತ್ತದಲ್ಲ!

ಅದೇ ಸಮಯಕ್ಕೆ ಡಾಕ್ಟರು ಅವನ ರಕ್ತದಲ್ಲಿ ಸಕ್ಕರೆ ಕಂಡುಹಿಡಿದರು. ಮನೆಯಲ್ಲಿ ಬಿಸ್ಕಿಟ್ಟು, ಗ್ರೇವಿ, ಆಪಲ್ ಪೈ ಮೂರಕ್ಕೂ ಗಡೀಪಾರು! ಬೆಳಗಿನಿಂದ ಸಂಜೆವರೆಗೆ ರೀವಾ ಸೊಪ್ಪು ಬೇಯಿಸಿದಳು, ಹುರುಳಿಕಾಯಿ ಬೇಯಿಸಿದಳು. ಹಬೆಯೆಲ್ಲ ಮೇಲೆ ಸೀಳಿಗೆ, ಸಪ್ಪೆಯೆಲ್ಲ ಕೆಳಗೆ ಗಂಡನಿಗೆ.

ತೂಕ ಇಳಿಯುವುದು ನಿಂತರೆ ಮರ ಒಣಗಿತೆಂದು ಲೆಕ್ಕ. ಡೆಲ್ಮರ್ ದಿನಾ ಸೀಳನ್ನು ಮಗುವಿನಂತೆ ಅಪ್ಪಿಕೊಂಡು ಬಚ್ಚಲುಮನೆಯ ತೂಕದ ಯಂತ್ರ ಹತ್ತುತ್ತಿದ್ದ. ಮುಳ್ಳು ಇಳಿಯಿತು, ಮತ್ತೆ ಇಳಿಯಿತು!

“ರೀವಾ, ಒಣಗ್ತಾ ಇದೆ ಕಣೇ! ಬಂಗಾರದಂಥ ಮರ!”

ಬೇಸಿಗೆಯ ಕೊನೆಗೆ ಮುಳ್ಳು ನಿಂತಿತು. ಡೆಲ್ಮರ್ ಕೊಟ್ಟಿಗೆಯ ಹಿಂದೆ ಕದ್ದು ಹಂದಿತೊಡೆ ತಿನ್ನಲು ಶುರುಮಾಡಿದ್ದೂ ಆಗಲೇ. ಎರಡಕ್ಕೂ ಸಂಬಂಧವಿದೆಯೆಂದು ಅವನಿಗೆ ಹೊಳೆಯಲಿಲ್ಲ. ಕತ್ತಿ ಹಿಡಿದು ಕೂತ, ಕೆತ್ತಿದ, ಹೆದೆ ಕಟ್ಟಿದ.

ಪಂದ್ಯದ ಮೈದಾನದಲ್ಲಿ ಊರೆಲ್ಲ ನೋಡುತ್ತಿರಲು ಡೆಲ್ಮರ್ ಕಿವಿವರೆಗೆ ಎಳೆದು ಬಿಟ್ಟ. ಬಾಣ ಮುದಿ ಕೋಳಿಯಂತೆ ಎರಡು ಸಲ ಕುಪ್ಪಳಿಸಿ ಹುಲ್ಲಿನಲ್ಲಿ ಕೂತಿತು. ಹೆದೆ ಬಿಚ್ಚಿದರೆ, ನೆಟ್ಟಗಾಗಬೇಕಿದ್ದ ಬಿಲ್ಲು ಕುದುರೆಲಾಳದಂತೆ ಬಾಗಿಯೇ ಉಳಿಯಿತು.

ರೀವಾಳ ತಮ್ಮ ಹೋಬರ್ಟ್ ಅದನ್ನು ಕೈಗೆತ್ತಿಕೊಂಡ. “ಭಾವ, ಇದು ಹಸೀ ಮರ. ಒಂದ್ಸಲ ಹಿಂಗೆ ಬಾಗಿದ್ರೆ ಬಾಗಿದ್ದೇ. ತೂಕ ನೋಡಿರ್ಲಿಲ್ವಾ?”

“ದಿನಾ ನೋಡ್ದೆ! ಅಪ್ಪಿಕೊಂಡು ನಿಂತು, ನನ್ನ ತೂಕ ಕಳೆದು.”

“ನಿನ್ನ ತೂಕ ಯಾವಾಗಿಂದು?”

“ಚಳಿಗಾಲದ್ದು. ಈ ವಯಸ್ಸಲ್ಲಿ ಗಂಡಸಿನ ತೂಕ ಎಲ್ಲಿ ಬದಲಾಗತ್ತೆ?”

“ಹಂಗಾದ್ರೆ ಪ್ಯಾಂಟಿಗೆ ಹಗ್ಗ ಯಾಕೆ ಕಟ್ಕೊಂಡಿದೀಯ, ಭಾವ?”

ಮೈದಾನ ಗೊಳ್ಳೆಂದಿತು. ಡೆಲ್ಮರ್ ಮಾತ್ರ ನಗಲಿಲ್ಲ. ಸೊಂಟದ ಹಗ್ಗ ನೋಡಿದ, ಹೆಂಡತಿಯನ್ನು ನೋಡಿದ. ಐವತ್ತು ವರ್ಷ ನೆಟ್ಟಗೆ ನಿಂತಿದ್ದ ಮರವನ್ನು ಒಂದು ಬೇಸಿಗೆಯ ಅವಸರಕ್ಕೆ ಬಗ್ಗಿಸಿಟ್ಟಿದ್ದ. ಬೇರೆ ಸೀಳಿಲ್ಲ, ಬೇರೆ ಮರವಿಲ್ಲ.

“ರೀವಾ,” ಎಂದ. “ನಿಮ್ಮಪ್ಪನ್ನ ಕಳೆದುಬಿಟ್ಟೆ ಕಣೇ.”

ರೀವಾ ಬಾಗಿದ ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ಆಮೇಲೆ ಕಣ್ಣೊರೆಸಿಕೊಂಡು, ಮೂಗು ಸೀಟಿ, ಗಂಡನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

“ಮದುವೆ ದಿನ ಅಪ್ಪ ನಿನ್ನ ನೋಡಿ ಏನಂದಿದ್ರು ಗೊತ್ತಾ? ‘ಹಸಿ ಸೌದೆ ಕಣಮ್ಮಾ, ಹೊಗೆ ಜಾಸ್ತಿ, ಉರಿ ಕಮ್ಮಿ’ ಅಂತ. ಪಾಪ, ಇವತ್ತು ಇರಬೇಕಿತ್ತು. ಅವರ ಮರ ಒಣಗದಿದ್ರೂ ಅಳಿಯ ಒಣಗಿದಾನಲ್ಲ!”